ಕಬ್ಬಿಣದ ಬಳೆ, ಮರದ ಗಾಲಿ

ಕರ್ನಾಟಕ ಒಂದಾದ ವಾರವೇ ಬೆಟಗೇರಿಯ ವಿಠೋಬಾನ ಮನೆ ಎರಡಾಯಿತು. ಊರವರು ಪೇಢೆ ಹಂಚುತ್ತಿದ್ದರೆ ಅಣ್ಣತಮ್ಮಂದಿರು ಪಾತ್ರೆ ಹಂಚಿಕೊಂಡು ಒಲೆ ಬೇರೆ ಮಾಡಿದರು. ಉಳಿದದ್ದು ಎರಡು ಕುಣಿಮಗ್ಗ. ನೆಲ ತೋಡಿ ಹೂಡಿದ್ದು, ಕಿತ್ತು ಒಯ್ಯುವ ಹಾಗಿಲ್ಲ. ಕಿಟಕಿಯ ಕೆಳಗಿನದರಲ್ಲಿ ಈವರೆಗೆ ತಮ್ಮ ಕಲ್ಲಣ್ಣ ನೇಯುತ್ತಿದ್ದ, ಕತ್ತಲ ಮೂಲೆಯದರಲ್ಲಿ ವಿಠೋಬಾ.

ವಿಠೋಬಾನಿಗೆ ಈಗ ಕಿಟಕಿ ಬೇಕೇ ಬೇಕಿತ್ತು. ಒಂದು ವರ್ಷದಿಂದ ಅವನ ಕಣ್ಣು ಮಂಜಾಗಿತ್ತು. ಗೊತ್ತಾದರೆ ಸಾಹುಕಾರ ರೇಷ್ಮೆ ಅಂಚಿನ ಸೀರೆ ನೇಯಲು ಕೊಡುವುದಿಲ್ಲವೆಂದು ಹೆಂಡತಿಗೂ ಹೇಳಿರಲಿಲ್ಲ. ತಮ್ಮನ ಮುಂದೆ ಬಾಯಿಬಿಡುವುದಂತೂ ಹಿರೇತನಕ್ಕೆ ಕುಂದು.

"ದೇವರ ಮುಂದ ಚೀಟಿ ಎತ್ರಿ," ಅಂದಳು ತಾಯಿ ಮಲ್ಲವ್ವ.

"ಚೀಟಿ ಬ್ಯಾಡವ್ವಾ. ಸಣ್ಣವರಿದ್ದಾಗ ಮಾಡತಿದ್ವಲ್ಲ, ಹಂಗ ಉರುಳಿಸೂಣು," ಎಂದ ವಿಠೋಬಾ. ನೀರು ತರುವವರು ಯಾರೆಂಬ ಜಗಳವನ್ನು ಇಬ್ಬರೂ ಹಾಗೆಯೇ ತೀರಿಸುತ್ತಿದ್ದರು. ಕಟ್ಟೆಗೆ ಹಲಗೆ ಆನಿಸಿ ಏನಾದರೂ ಉರುಳಿಬಿಡುವುದು, ಮೊದಲು ಕೆಳಗಿಳಿದದ್ದು ಗೆದ್ದಂತೆ.

ಅಟ್ಟದಿಂದ ಹುಡುಗರು ಉರುಳಿಸಿ ಆಡುವ ಕಬ್ಬಿಣದ ಬಳೆಯೊಂದು, ಆಟದ ಬಂಡಿಯ ಮರದ ಗಾಲಿಯೊಂದು ಇಳಿದು ಬಂದವು.

"ಭಾರದ್ದು ನೀ ತಗೋ ತಮ್ಮಾ," ಎಂದು ವಿಠೋಬಾ ದೊಡ್ಡ ಮನಸ್ಸು ತೋರಿಸಿದ. ನೋಡಲು ನೆರೆದಿದ್ದ ಓಣಿಯವರು ಭಾರದ್ದೇ ಜೋರಾಗಿ ಇಳಿಯುವುದೆಂದು ನಂಬಿ ತಲೆದೂಗಿದರು. ಉರುಳುವಲ್ಲಿ ತೂಕ ಎಷ್ಟಿದೆ ಎಂಬುದಲ್ಲ, ಎಲ್ಲಿದೆ ಎಂಬುದು ಮುಖ್ಯವೆಂದು ವಿಠೋಬಾ ಕಂಡುಕೊಂಡಿದ್ದ. ಬಳೆಯ ತೂಕವೆಲ್ಲ ಅಂಚಿನಲ್ಲಿ. ಇಳಿಜಾರು ಕೊಟ್ಟ ಕಸುವಿನಲ್ಲಿ ಅರ್ಧ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಮುಗಿಯುತ್ತದೆ. ಗಾಲಿಗೆ ನಡುವಿನಿಂದ ಅಂಚಿನವರೆಗೂ ಮರ. ಅದು ಸುಲಭವಾಗಿ ತಿರುಗುತ್ತದೆ, ಓಡುವುದಕ್ಕೆ ಹೆಚ್ಚು ಕಸುವು ಉಳಿಯುತ್ತದೆ.

ಗಾಲಿ ಗೆದ್ದಿತು. ಕಲ್ಲಣ್ಣ ತನ್ನ ಲಾಳಿ ಎತ್ತಿಕೊಂಡು ಮೂಲೆಗೆ ಹೋದ.

ಕಿಟಕಿಯ ಬೆಳಕಿನಲ್ಲಿ ಎಳೆಗಳೆಲ್ಲ ಕಾಣುತ್ತಿದ್ದವು. ಆದರೆ ಮೂಲೆಯಿಂದ ತಮ್ಮನ ಲಾಳಿಯ ಸದ್ದು ಬಂದಾಗಲೆಲ್ಲ ವಿಠೋಬಾನಿಗೆ ಕೈ ಓಡುತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕಡೆಗೆ ತಡೆಯಲಾರದೆ ಎದ್ದು ಹೋಗಿ ತಮ್ಮನೆದುರು ನಿಂತ.

"ಮೋಸ ಮಾಡೀನಿ ತಮ್ಮಾ. ಬಳಿ ಸೋಲತೈತಿ ಅಂತ ನನಗ ಮೊದಲ ಗೊತ್ತಿತ್ತು."

ಕಲ್ಲಣ್ಣ ಹರಿದ ಎಳೆಗೆ ಗಂಟು ಹಾಕುತ್ತಿದ್ದ. "ನನಗೂ ಗೊತ್ತಿತ್ತು. ಸಣ್ಣಾಂವಿದ್ದಾಗ ಬಳಿ ಹಿಡದು ಸೋತು ನೀರು ಹೊತ್ತಾಂವ ನಾನ ಅಲ್ಲೇನು?"

"ಮತ್ಯಾಕ ತಗೊಂಡಿ?"

"ನಿನ್ನ ಮಗ್ಗದಾಗ ಹರದ ಎಳಿ ವರ್ಷದಿಂದ ಯಾರು ಕಟ್ಟಾಕತ್ತಾರಂತ ತಿಳದಿ? ನೀ ಉಣ್ಣಾಕ ಹ್ವಾದಾಗ ನಾನ ಕಟ್ಟತಿದ್ದೆ." ಕಲ್ಲಣ್ಣ ಈಗ ತಲೆ ಎತ್ತಿದ. "ಕಣ್ಣಿನ ಸುದ್ದಿ ನೀನಾಗೇ ಹೇಳತಿ ಅಂತ ದಾರಿ ಕಾಯ್ದೆ. ಒಂದು ಮಾತು ಕೇಳಿದ್ದರ ಸಾಕಿತ್ತು ಅಣ್ಣಾ, ಓಣಿ ಮಂದಿ ಮುಂದ ಹಲಗಿ ಯಾಕ ಬೇಕಿತ್ತು?"

ವಿಠೋಬಾ ಹೋಗಿ ಕಿಟಕಿಯ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ. ಬೆಳಕು ಚೆನ್ನಾಗಿತ್ತು. ಮೂಲೆಯ ಕಡೆ ತಿರುಗಿ ನೋಡಲು ಅವನಿಗೆ ಮುಖವಿರಲಿಲ್ಲ.