ಒಳದಾರಿಯ ಪದ್ಮಯ್ಯನವರು

ಮೋಟಾರಿನ ಸದ್ದು ತಿರುವಿನಾಚೆ ಕೇಳಿಸಿತೆಂದರೆ ಸಾಕು, ಪದ್ಮಯ್ಯನವರು ರಸ್ತೆಯಿಂದ ಕೆಳಗಿಳಿದು, ಅದಕ್ಕೆ ಬೆನ್ನು ತಿರುಗಿಸಿ, ಕಾಡಿನ ಕಡೆ ಮುಖಮಾಡಿ ನಿಂತುಬಿಡುತ್ತಿದ್ದರು. ನೆಂಟರ ಮನೆಗೆ ಹೋದಾಗ ಒಳಗೆ ಗಂಡಹೆಂಡಿರ ಮಾತು ಜೋರಾದರೆ, ಅಂಗಳದಲ್ಲಿರುವ ಮರ್ಯಾದಸ್ಥ ಹೇಗೆ ತೋಟ ನೋಡುತ್ತ ನಿಲ್ಲುತ್ತಾನೋ, ಹಾಗೆ. ವಾಹನ ದಾಟಿ, ಧೂಳು ಕೂತು, ಹಕ್ಕಿಯ ದನಿ ಮತ್ತೆ ಕೇಳತೊಡಗಿದ ಮೇಲೆ ಮೆಲ್ಲನೆ ಮೇಲೆ ಹತ್ತಿ, ಬಿಟ್ಟ ಹೆಜ್ಜೆಯನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಸಂಪಾಜೆಯಿಂದ ಮಡಿಕೇರಿಗೆ ಏರುವ ಘಾಟಿಯಲ್ಲಿ ಬಸ್ಸು ಓಡಿಸುವವರೆಲ್ಲ ಅವರನ್ನು 'ಮೈಲುಗಲ್ಲು' ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಅಕ್ಕರೆಯ ಹೆಸರೇ ಆಗಿತ್ತು.

ಎತ್ತರದ ಆಳು. ಹುಟ್ಟಿದಾರಭ್ಯ ಘಟ್ಟ ಹತ್ತಿ ಹತ್ತಿ ಮೈ ಮುಂದಕ್ಕೆ ಬಾಗುವುದನ್ನೇ ರೂಢಿಮಾಡಿಕೊಂಡು, ಸಮತಟ್ಟಾದ ಜಗಲಿಯ ಮೇಲೆ ನಡೆಯುವಾಗಲೂ ಏರು ಏರುತ್ತಿರುವವರಂತೆ ಕಾಣುತ್ತಿದ್ದರು. ತಂದೆಯ ಕಾಲದ ಕರಿಯ ಉಣ್ಣೆಯ ಕೋಟು, ಅದರ ಕತ್ತಿನ ಪಟ್ಟಿಗೆ ಬೆನ್ನ ಮೇಲೆ ಜೋತುಬಿದ್ದ ಕೊಡೆ, ಬರಿಗಾಲು. ಆ ಕೋಟಿಗೆ ಗುಂಡಿಗಳಿದ್ದವೇ ಹೊರತು ಅವುಗಳನ್ನು ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಮಾತು ಕಡಿಮೆ. ಯಾರು ಏನನ್ನೇ ಸೂಚಿಸಲಿ, ಮನೆಗೆ ಹೊಸ ಮಾಡು ಹಾಕಿಸಿ, ರೇಡಿಯೊ ತನ್ನಿ, ಬಸ್ಸು ಹತ್ತಿ ಎನ್ನಲಿ, ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಎಂತಕೆ?" ಅದರಲ್ಲಿ ಜಗಳದ ಧ್ವನಿ ಇರುತ್ತಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವರ ಪ್ರಶ್ನೆ ಅದು. ನಮ್ಮಲ್ಲಿ ಉತ್ತರವಿಲ್ಲದ್ದರಿಂದಲೇ ನಮಗೆ ಸಿಟ್ಟು ಬರುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಕುಶಾಲನಗರದ ಬಯಲಿನಿಂದ ಸಂಪಾಜೆಯ ಶಾಲೆಗೆ ಮೇಷ್ಟ್ರಾಗಿ ಬಂದವನು. ಪದ್ಮಯ್ಯನವರ ಮನೆಯ ಹೊರಕೋಣೆಯಲ್ಲಿ ನನ್ನ ಬಿಡಾರ. ಅವರ ಹೆಂಡತಿ ನೀಲಾವತಮ್ಮ ಕೊಟ್ಟ ಅಕ್ಕಿರೊಟ್ಟಿಯಿಂದಲೇ ನನ್ನ ಬ್ರಹ್ಮಚರ್ಯದ ವರ್ಷಗಳು ಕಳೆದವು. ಮಕ್ಕಳಿರಲಿಲ್ಲ. ಒಡಹುಟ್ಟಿದವಳೆಂದರೆ ತಂಗಿ ಹೊನ್ನಮ್ಮ ಒಬ್ಬಳೇ. ಆಕೆಯನ್ನು ಮಡಿಕೇರಿಯಾಚೆ ಮರಗೋಡಿಗೆ ಕೊಟ್ಟಿತ್ತು. ಪದ್ಮಯ್ಯನವರ ಪ್ರಪಂಚಕ್ಕೆ ಒಂದು ತುದಿ ಅವರ ಮನೆ, ಇನ್ನೊಂದು ತುದಿ ತಂಗಿಯ ಮನೆ, ನಡುವೆ ಇರುವುದೆಲ್ಲ ದಾರಿ. ವರ್ಷಕ್ಕೆ ಎರಡು ಸಲ, ಕೈಲ್‌ಮುಹೂರ್ತದ ಹಬ್ಬಕ್ಕೂ ಹುತ್ತರಿಯ ಹಬ್ಬಕ್ಕೂ, ಬೆಳಕು ಹರಿಯುವ ಮೊದಲೇ ಹೊರಟು, ರಸ್ತೆಯ ಸುತ್ತುಗಳನ್ನೆಲ್ಲ ಒಳದಾರಿಗಳಿಂದ ಕತ್ತರಿಸಿಕೊಂಡು, ಹೊತ್ತು ವಾಲುವ ಮುಂಚೆ ತಂಗಿಯ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಅವಳ ಮಗಳ ಮದುವೆಗೆ ಸೋದರಮಾವನಾಗಿ ಹೋಗಬೇಕಾದಾಗ ಎರಡು ದಿನ ಮೊದಲೇ ಹೊರಟರು. ಯಾವುದಕ್ಕೂ ತಡವಾಗಿ ಹೋದವರಲ್ಲ. "ದೂರ ಇದ್ದರೆ ಬೇಗ ಹೊರಟರಾತ್" ಎನ್ನುತ್ತಿದ್ದರು.

ಕಾಫಿಗೆ ಬೆಲೆ ಬಂದ ಕಾಲ ಅದು. ಕೈಯಲ್ಲಿ ನಾಲ್ಕು ಕಾಸು ಆಡಿದವರೆಲ್ಲ ಹಳೆಯ ಜೀಪೊಂದನ್ನು ಕೊಂಡು, ಅದರ ಬಾಯಿಗೆ ಪೆಟ್ರೋಲು ಸುರಿದು, ಊರಿನ ಮುಂದೆ ದೊಡ್ಡವರಾಗುತ್ತಿದ್ದರು. ಪದ್ಮಯ್ಯನವರಿಗೂ ಮೆಣಸು, ಏಲಕ್ಕಿ, ಮೇಲಿನ ತೋಟದಲ್ಲಿ ಕಾಫಿ, ಎಲ್ಲ ಇತ್ತು; ಬಡತನದ ನೆಪ ಇರಲಿಲ್ಲ. ಇರುವವನು ಕೊಳ್ಳದಿದ್ದರೆ ಊರಿಗೆ ನಿದ್ದೆ ಬರುವುದಿಲ್ಲ. ಜಿಪುಣ ಎಂದರು ಕೆಲವರು. ಯಾವುದೋ ಹರಕೆ ಇದೆ ಎಂದರು ಇನ್ನು ಕೆಲವರು. ಘಾಟಿಯ ತಿರುವಿನಲ್ಲಿ ವಾಂತಿಯಾಗುತ್ತದೆ, ಹೇಳಿಕೊಳ್ಳಲು ನಾಚಿಕೆ ಎಂದರು ಚಹಾದಂಗಡಿಯವರು. ನಾನೇ ಒಂದು ಸಂಜೆ ಧೈರ್ಯಮಾಡಿ ಕೇಳಿದೆ. ಅವರು "ಕಾಲ್ ಉಟ್ಟಲಾ ಮಾಷ್ಟ್ರೆ" ಎಂದರು. ಕಾಲು ಇದೆಯಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವನ್ನು ನಾನು ಹುಡುಕಿದೆ, ಸಿಗಲಿಲ್ಲ. ಇರಲಿಲ್ಲವೆಂದೇ ಈಗ ತಿಳಿದಿದ್ದೇನೆ. ಜೀಪು ಇಟ್ಟುಕೊಂಡವನನ್ನು ಯಾಕೆ ಇಟ್ಟುಕೊಂಡೆ ಎಂದು ಯಾರೂ ಕೇಳುವುದಿಲ್ಲ. ಇಟ್ಟುಕೊಳ್ಳದವನು ಮಾತ್ರ ಊರಿಗೆಲ್ಲ ಲೆಕ್ಕ ಒಪ್ಪಿಸಬೇಕು.

ರೇಡಿಯೊದ್ದು ಇನ್ನೊಂದು ಕಥೆ. ಹೊನ್ನಮ್ಮನ ಗಂಡ ಕುಟ್ಟಪ್ಪನವರು ಧಾರಾಳಿ, ಸ್ವಲ್ಪ ಗತ್ತಿನವರು. ಚೀನಾದ ಗಲಾಟೆಯ ವರ್ಷ, ಊರೆಲ್ಲ ವಾರ್ತೆಗೆ ಕಿವಿಗೊಟ್ಟು ಕೂತಿದ್ದಾಗ, ಭಾವನ ಮನೆಯೊಂದೇ ಮೂಕವಾಗಿರುವುದು ಅವರಿಗೆ ಅವಮಾನವೆನಿಸಿ, ಬ್ಯಾಟರಿಯ ಸಮೇತ ಒಂದು ರೇಡಿಯೊ ಕಳಿಸಿಕೊಟ್ಟರು. ನೀಲಾವತಮ್ಮನ ಮುಖ ಆ ದಿನ ಅರಳಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೊಂದು ಬಟ್ಟೆ ಹೊಲಿದು ಹೊದಿಸಿದರು. ಪದ್ಮಯ್ಯನವರು ಮೂರು ಸಂಜೆ ಅದರ ಮುಂದೆ ಮರ್ಯಾದೆಯಿಂದ ಕೂತರು. ನಾಲ್ಕನೆಯ ಬೆಳಗ್ಗೆ ಅದನ್ನು ಗೋಣಿಯಲ್ಲಿ ಸುತ್ತಿ, ಹೆಗಲಿಗೇರಿಸಿ, ನಡೆದುಕೊಂಡೇ ಮರಗೋಡಿಗೆ ಹೊರಟರು. "ಬಸ್ಸಲ್ಲಿ ಕಳಿಸಬಹುದಲ್ಲ?" ಎಂದೆ ನಾನು. "ಭಾವ ಕೊಟ್ಟದ್. ಕೈಯಾರೆ ಕೊಡಕು" ಎಂದರು. ಕುಟ್ಟಪ್ಪನವರು ಆರು ತಿಂಗಳು ಮಾತು ಬಿಟ್ಟರು. ನೀಲಾವತಮ್ಮ ಸಂಜೆಯಾದರೆ ನೆರೆಯ ಪೂವಮ್ಮನ ಜಗಲಿಯ ಕಂಬಕ್ಕೊರಗಿ, ಒಳಗಿನ ಹಾಡು ಮುಗಿಯುವವರೆಗೆ ನಿಂತು ಬರುತ್ತಿದ್ದರು. ಇದನ್ನು ನೆನೆದಾಗ ಪದ್ಮಯ್ಯನವರ ಮೇಲೆ ನನಗೆ ಇವತ್ತಿಗೂ ಕೋಪ ಬರುತ್ತದೆ. ತಾನು ಬೇಡವೆಂದದ್ದು ಹೆಂಡತಿಗೂ ಬೇಡವಾಗಿರಬೇಕು ಎಂಬುದು ಯಾವ ನ್ಯಾಯ?

ಹೊನ್ನಮ್ಮನಿಗೂ ಅಣ್ಣನ ಬಗ್ಗೆ ಒಂದು ಸಂಕಟ ಹುಟ್ಟಿತ್ತು. ಹುತ್ತರಿಗೆ ಉಳಿದ ನೆಂಟರೆಲ್ಲ ವಾಹನಗಳಲ್ಲಿ ಬಂದಿಳಿಯುವಾಗ, ತವರಿನವನು ಮೊಣಕಾಲ ತನಕ ಕೆಂಧೂಳು ಬಳಿದುಕೊಂಡು ಹಿತ್ತಲ ಕಡೆಯ ಒಳದಾರಿಯಿಂದ ಪ್ರತ್ಯಕ್ಷನಾಗುವುದು! ಗಂಡನ ಕಡೆಯವರು ಅಣ್ಣನನ್ನು ನೋಡಿ ನಗುತ್ತಾರೆಂದು ಒಮ್ಮೆ ನೀಲಾವತಮ್ಮನೊಡನೆ ಅತ್ತುಕೊಂಡಳಂತೆ: "ಅತ್ತಿಗೆ, ಅಣ್ಣನ ನೋಡಿ ಇವು ನೆಗಾಡುವೆ. ನಂಗೆ ಸಹಿಸಿಕೆ ಆದುಲೆ." ಆದರೆ ನಗುವವರ ಮುಂದೆಯೇ ಬಿಸಿನೀರು ತಂದು ಅಣ್ಣನ ಕಾಲಿಗೆ ತಾನೇ ಹೊಯ್ಯುತ್ತಿದ್ದಳು, ಆಳುಗಳಿಗೆ ಬಿಡುತ್ತಿರಲಿಲ್ಲ.

ಕಾಫಿ ಕುಯ್ಲಿನ ಕೊನೆಯ ದಿನಗಳು. ಒಂದು ಬೆಳಗ್ಗೆ ಕುಟ್ಟಪ್ಪನವರ ತಮ್ಮನ ಮಗ ಮಾಯಿಲಪ್ಪ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದ. ಕಣ್ಣು ಕೆಂಪಾಗಿತ್ತು. ಹೊನ್ನಮ್ಮ ರಾತ್ರಿ ಊಟಮಾಡಿ ಮಲಗಿದವಳು ಬೆಳಗ್ಗೆ ಏಳಲಿಲ್ಲ. "ಮಾವ, ಜೀಪು ಹತ್ತಿ. ಎಲ್ಲರೂ ನಿಮ್ಮನ್ನೇ ಕಾದವೆ" ಎಂದ.

ಪದ್ಮಯ್ಯನವರು ಒಳಗೆ ಹೋದರು. ಮದುವೆಯಾಗಿ ಹೋದ ಹೆಣ್ಣಿನ ಮೇಲೆ ಕೊನೆಗೆ ತವರಿನ ಬಟ್ಟೆ ಬೀಳಬೇಕು. ಅದು ಬರುವವರೆಗೆ ಹೆಣ ಎತ್ತುವಂತಿಲ್ಲ. ಇದು ಅವರಲ್ಲಿ ನಡೆದುಬಂದ ಕಟ್ಟಳೆ. ಪೆಟ್ಟಿಗೆಯಿಂದ ಹೊಸ ಬಿಳಿ ಬಟ್ಟೆ ತಂದರು, ಕೋಟು ತೊಟ್ಟರು, ಕೊಡೆ ಸಿಕ್ಕಿಸಿದರು. ಜೀಪಿನ ಬಳಿ ಬಂದು ನಿಂತರು. ಒಂದು ಕೈ ಅದರ ಕಂಬಿಯ ಮೇಲಿತ್ತು. ಹತ್ತುತ್ತಾರೆಂದೇ ನಾನು ತಿಳಿದೆ. ನೀಲಾವತಮ್ಮ ಆಗಲೇ ಹತ್ತಿ ಕೂತು ಪಕ್ಕಕ್ಕೆ ಸರಿದಿದ್ದರು. "ಇವತ್ತೊಂದ್ ದಿನ ಬನ್ನಿ" ಎಂದರು. ಅವರ ಬಾಯಲ್ಲಿ ಅಂಥ ಯಾಚನೆಯನ್ನು ನಾನು ಮತ್ತೆ ಕೇಳಲಿಲ್ಲ.

ಪದ್ಮಯ್ಯನವರು ಬಟ್ಟೆಯನ್ನು ಹೆಂಡತಿಯ ಮಡಿಲಲ್ಲಿಟ್ಟರು. "ನೀ ಇದ್ನ ತಕಂಡ್ ಹೋಗ್. ಬಟ್ಟೆ ಕಂಡರೆ ಅವಕ್ಕೆ ಧೈರ್ಯ, ನಾ ದಾರಿಲಿ ಒಳೆ ಅಂತ ಗೊತ್ತಾದು. ನಾ ನಡ್ದ್ ಬನ್ನೆ" ಎಂದು ತಿರುಗಿ ನೋಡದೆ ಏರು ಹತ್ತಿದರು. ಜೀವಮಾನದಲ್ಲಿ ಅವರು ಮೋಟಾರಿನಲ್ಲಿ ಕಳಿಸಿದ್ದು ಅದೊಂದನ್ನೇ. ತಡವಾದೀತೆಂಬ ಭಯದಿಂದ, ತಾನು ದಾರಿಯಲ್ಲಿದ್ದೇನೆಂದು ತಿಳಿದು ಕಾಯುವವರ ಮನಸ್ಸು ಗಟ್ಟಿಯಾಗಿರಲೆಂದು ಕಳಿಸಿದರು. ಬೇಗ ಹೊರಟರಾಯಿತು ಎಂಬ ಅವರ ಬಾಳಿನ ಸೂತ್ರವೆಲ್ಲ ಹಬ್ಬಕ್ಕೆ, ಮದುವೆಗೆ. ಸಾವಿಗೆ ಬೇಗ ಹೊರಡುವುದು ಹೇಗೆ?

ನಾನೂ ಜೀಪಿನಲ್ಲಿ ಹೋದೆ. ಘಾಟಿಯ ಮೂರನೆಯ ತಿರುವಿನಲ್ಲಿ ಅವರನ್ನು ದಾಟಿದೆವು. ರಸ್ತೆಯಿಂದಿಳಿದು, ನಮಗೆ ಬೆನ್ನುಮಾಡಿ ನಿಂತಿದ್ದರು. ಮಾಯಿಲಪ್ಪ ಜೀಪು ನಿಧಾನಿಸಿ ಹಾರನ್ ಮಾಡಿದ. ಬೆನ್ನು ಅಲುಗಲಿಲ್ಲ.

ಮರಗೋಡಿನ ಮನೆ ತುಂಬ ಜನ. ನೀಲಾವತಮ್ಮನ ಕೈಯಲ್ಲಿ ಬಟ್ಟೆ ಕಂಡದ್ದೇ ಹಿರಿಯರೊಬ್ಬರು ಎದ್ದುನಿಂತು, "ತವರು ಬಂತ್, ಇನ್ನು ಎತ್ತಿ" ಎಂದುಬಿಟ್ಟರು. ನಾನು ಗಾಬರಿಯಾಗಿ, "ಪದ್ಮಯ್ಯನವರು ಬರ್ತಾವ್ರೆ, ಅವರಿಗಾಗಿ ಕಾಯ್ಬೇಕು" ಎಂದೆ. ಆ ಹಿರಿಯರು ಕೆಟ್ಟವರಲ್ಲ, ಪರವೂರಿನವನಿಗೆ ತಿಳಿಹೇಳುವ ಸಹನೆಯಿಂದಲೇ ಹೇಳಿದರು: "ಬಟ್ಟೆ ಬಂದುಟ್ಟು, ಅತ್ತಿಗೆ ಬಂದುಟ್ಟು. ತವರು ಬಂದಂಗೇ ಆತಲಾ ಮಾಷ್ಟ್ರೆ." ಕಟ್ಟಳೆ ಬಟ್ಟೆಗಾಗಿ ಕಾಯುತ್ತದೆ, ಮನುಷ್ಯನಿಗಾಗಿ ಅಲ್ಲ. ಬಟ್ಟೆ ಬೇರೆ, ತರಬೇಕಾದವನು ಬೇರೆ ಆಗಬಹುದೆಂದು ಅದನ್ನು ಮಾಡಿದವರಿಗೆ ಹೊಳೆದಿರಲಾರದು. ಅವರ ಕಾಲದಲ್ಲಿ ಬಟ್ಟೆ ಬರುತ್ತಿದ್ದುದು ಅಣ್ಣನ ಹೆಗಲ ಮೇಲೆಯೇ. ಪದ್ಮಯ್ಯನವರಿಗೂ ಹೊಳೆಯಲಿಲ್ಲ. ತಾನು ಮುಟ್ಟುವವರೆಗೆ ಕಾಯಲಿ ಎಂದು ಕಳಿಸಿದ ಬಟ್ಟೆಯೇ ಇನ್ನು ಕಾಯಬೇಕಾಗಿಲ್ಲ ಎಂಬ ಅಪ್ಪಣೆಯಾಯಿತು.

ಕುಟ್ಟಪ್ಪನವರು ಒಂದು ಗಳಿಗೆ ಅನುಮಾನಿಸಿದರು. ನೀಲಾವತಮ್ಮ ಬಟ್ಟೆಯನ್ನು ಎದೆಗವಚಿಕೊಂಡು ಮಧ್ಯಾಹ್ನದವರೆಗೂ ಕೊಡಲಿಲ್ಲ. ಹೆಂಗಸರು ಗೊಣಗಿದರು, ದೂರದೂರಿನವರು ಹೊತ್ತು ನೋಡಿದರು, ವಾಹನಗಳಲ್ಲಿ ಬಂದವರಿಗೆ ವಾಹನಗಳಲ್ಲಿ ಹೋಗುವ ಅವಸರವಿತ್ತು. ಕೊನೆಗೆ ನೀಲಾವತಮ್ಮನವರೇ ಎದ್ದು, ನಾದಿನಿಯ ಮೇಲೆ ಬಟ್ಟೆ ಹೊದಿಸಿದರು. ಅಂಚನ್ನು ಎಷ್ಟು ಹೊತ್ತು ಸರಿಪಡಿಸಿದರೆಂದರೆ, ಯಾರೋ ಭುಜ ಹಿಡಿದು ಹಿಂದಕ್ಕೆ ಕರೆಯಬೇಕಾಯಿತು.

ಪದ್ಮಯ್ಯನವರು ಬಂದಾಗ ಕತ್ತಲಾಗುತ್ತಿತ್ತು. ಕೋಟಿನ ತೋಳು ಹರಿದಿತ್ತು, ಮೊಣಕೈಯಲ್ಲಿ ರಕ್ತ. ಮದೆ ಊರಿನಾಚೆ ಕೈಬದಲಾದ ಎಸ್ಟೇಟೊಂದರವರು ಹುತ್ತರಿ ಕಳೆದ ಮೇಲೆ ಒಳದಾರಿಗೆ ಮುಳ್ಳುತಂತಿ ಬಿಗಿದಿದ್ದರು. ದಾಟಲು ನೋಡಿದ್ದಾರೆ, ಕಾವಲಿನವನು ಬಿಟ್ಟಿಲ್ಲ. ಹಿಂದಿರುಗಿ ರಸ್ತೆಯ ಸುತ್ತನ್ನೆಲ್ಲ ಸುತ್ತಿ ಬಂದಿದ್ದಾರೆ. ಅಂಗಳದಲ್ಲಿ ಜನ ಕಡಿಮೆಯಾಗಿದ್ದರು. ತೋಟದ ಅಂಚಿನಲ್ಲಿ ಹೊಗೆ ಇನ್ನೂ ಏಳುತ್ತಿತ್ತು. ಅವರು ಆ ಕಡೆ ನೋಡಿದರು. ಆಮೇಲೆ ಹೆಂಡತಿಯ ಕಡೆ ನೋಡಿದರು.

"ಬಟ್ಟೆ ಹೊದ್ಸಿದ್ ಯಾರ್?"

"ನಾನೇ."

"ಆತ್" ಎಂದರು. ಜಗಲಿಯಲ್ಲಿ ಕೂತರು. ಕಾಲು ತೊಳೆಯಲು ಯಾರೋ ನೀರು ತಂದಿಟ್ಟರು. ಅದು ಅಲ್ಲೇ ತಣ್ಣಗಾಯಿತು.

ಮರುದಿನ ನಡೆದುಕೊಂಡೇ ಹಿಂದಿರುಗಿದರು. ಗಂಡಹೆಂಡಿರು ಆ ಬಗ್ಗೆ ಎಂದಾದರೂ ಮಾತಾಡಿದರೋ ಇಲ್ಲವೋ, ನನಗೆ ಕೇಳಿಸಲಿಲ್ಲ. ಊರಿನವರಂತೂ ಆಡಿಕೊಂಡರು. "ಜೀಪು ಬಾಗಿಲಿಗೇ ಬಂದಿತ್ತಲ್ಲ, ಮುಖ ನೋಡುವ ಯೋಗ ಇಲ್ಲದವ" ಎಂದು ಮರುಗಿದರು. ಮರುಕದೊಳಗೆ ಗೆದ್ದ ಸಂತೋಷವೂ ಇತ್ತು. ಬಸ್ಸಿನವರು ಅವರನ್ನು ಕಂಡರೆ ನಿಧಾನಿಸುವುದನ್ನು ಬಿಟ್ಟರು. ಮೈಲುಗಲ್ಲು ಎಂಬ ಹೆಸರನ್ನೂ ಯಾರೂ ಕೂಗಲಿಲ್ಲ.

ಅವರ ನಡಿಗೆ, ಕೋಟು, ಕೊಡೆ, ಯಾವುದೂ ಬದಲಾಗಲಿಲ್ಲ. ಬದಲಾದದ್ದು ಒಂದು: ಪದ್ಮಯ್ಯನವರು ಕಾರಣ ಹೇಳತೊಡಗಿದರು. ಜೀವಮಾನವೆಲ್ಲ ಯಾರಿಗೂ ಸಮಜಾಯಿಷಿ ಕೊಡದವರು, ಈಗ ಚಹಾದಂಗಡಿಯಲ್ಲಿ, ಗಿರಣಿಯ ಮುಂದೆ, ದಾರಿಯಲ್ಲಿ ಸಿಕ್ಕ ಅಪರಿಚಿತರೊಡನೆ ಕೂಡ, ಕೇಳದಿದ್ದರೂ ಹೇಳುತ್ತಿದ್ದರು: "ಬೇಲಿ ಇಲ್ಲದಿದ್ದರೆ ನಾ ಹೊತ್ತಿಗೆ ಮುಟ್ಟ್‌ತಿದ್ದೆ. ಆ ದಾರಿ ಮೊದ್ಲು ಇತ್ತ್. ಎಲ್ಲರೂ ಹೋಗ್ತಿದ್ದೊ." ಕೇಳಿದವರು ಹೌದು ಹೌದು ಎಂದು ಬೇರೆ ಕಡೆ ನೋಡುತ್ತಿದ್ದರು. ಚಿತೆಯ ಹೊಗೆಯ ಮುಂದೆ ಅಳದ ನಾನು, ಗಿರಣಿಯ ಮುಂದೆ ಆ ಮಾತು ಕೇಳಿದ ದಿನ ಕೋಣೆಗೆ ಬಂದು ಅತ್ತೆ.

ಇಂಥವರು ಊರಿಗೆ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಊರೆಲ್ಲ ಏರಿದ್ದನ್ನು ಏರದೆ, ಊರೆಲ್ಲ ತಂದದ್ದನ್ನು ತರದೆ, ನಾವು ಯಾರ ತಂಟೆಗೂ ಹೋಗಿಲ್ಲ, ನಮ್ಮ ಪಾಡಿಗೆ ನಾವಿದ್ದೇವೆ ಎಂದು ನಂಬಿರುತ್ತಾರೆ. ಅವರನ್ನು ಕಂಡು ನಗುವವರೂ ತಪ್ಪು ತಿಳಿದಿದ್ದಾರೆ, ಕೈಮುಗಿಯುವವರೂ ತಪ್ಪು ತಿಳಿದಿದ್ದಾರೆ. ತನ್ನ ಪಾಡಿಗೆ ತಾನಿರುವುದಕ್ಕೂ ಹತ್ತು ಜನರ ಸಹಾಯ ಬೇಕು. ಹತ್ತು ಜನ ತುಳಿದರೆ ಅದು ದಾರಿ. ಒಬ್ಬನೇ ತುಳಿದರೆ ಅದು ಬೇರೆಯವರ ತೋಟ. ಕಾಯುವುದೂ ಹಾಗೆಯೇ. ಎಲ್ಲರೂ ನಡೆದು ಬರುತ್ತಿದ್ದ ಕಾಲದಲ್ಲಿ ಸತ್ತವರು ಕೂಡ ಅಣ್ಣ ಬರಲೆಂದು ಕಾದಿರುತ್ತಿದ್ದರು. ಒಬ್ಬನೇ ನಡೆದು ಬರುವ ಕಾಲದಲ್ಲಿ ಅವನಿಗಾಗಿ ತಂಗಿಯನ್ನು ಕೂಡ ಯಾರೂ ಕಾಯಿಸುವುದಿಲ್ಲ.