ಬಾವಿಯಿಂದ ತಂದ ಲೋಚ್‌ಗಳು

ಸುಹಾಸ ಅಂಕೋಲೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ. ಮನೆ ಕಾರವಾರದ ಬೈತಖೋಲದಲ್ಲಿ. ೨೦೦೬ರ ಕ್ರಿಸ್ಮಸ್ ರಜೆಯಲ್ಲಿ ಗಾಜಿನ ತೊಟ್ಟಿಯೊಂದಕ್ಕೆ ನುಣ್ಣನೆಯ ಹೊಳೆಮರಳು ಹಾಸಿ, ನೀರುಗಿಡ ನೆಟ್ಟು, ತಳದಲ್ಲೇ ಬದುಕುವ ಮೀನು ಹುಡುಕುತ್ತಿದ್ದ. ಕಾಲೇಜಿನ ಪ್ರಯೋಗಾಲಯದ ಜಟ್ಟಪ್ಪ, "ಕದ್ವಾಡದಲ್ಲಿ ನಮ್ಮ ದೊಡ್ಡಮ್ಮನ ಬಾವೀಲಿ ಅಂಥವು ಅವೆ ಸರ್" ಎಂದ.

ಇಬ್ಬರೂ ಹೋಗಿ ಬಲೆ ಇಳಿಬಿಟ್ಟರು. ಸಿಕ್ಕಿದ್ದು ಆರು ಲೋಚ್ ಮೀನು, ಬಾವಿಯಲ್ಲಿದ್ದದ್ದೇ ಅಷ್ಟು. ಬೆರಳುದ್ದದ ಹಳದಿ ಮೈ, ಕಪ್ಪು ಪಟ್ಟೆ, ಬಾಯಿಯ ಸುತ್ತ ಪುಟ್ಟ ಮೀಸೆ. ಬಾವಿಗೆ ಕಟ್ಟೆಯಿರಲಿಲ್ಲ, ನೆಲಕ್ಕೆ ಸಮನಾಗಿ ಬಾಯಿ ತೆರೆದುಕೊಂಡಿತ್ತು. ದೊಡ್ಡಮ್ಮ ಗಂಗೆ ಆಗ ಮನೆಯಲ್ಲಿರಲಿಲ್ಲ.

"ನಾ ಹೇಳ್ತೆ ಅವ್ಳಿಗೆ" ಎಂದ ಜಟ್ಟಪ್ಪ.

ಮೂರು ದಿನ ಮೀನುಗಳು ತೊಟ್ಟಿಯಲ್ಲಿದ್ದ ಮರದ ಬೇರಿನ ಸಂದಿಯಿಂದ ಹೊರಬರಲಿಲ್ಲ. ನಾಲ್ಕನೆಯ ದಿನ ಸಂಜೆ ನಾಲ್ಕಕ್ಕೆ ಆರೂ ಬಂದು, ಪೂರ್ವದ ಗಾಜಿನ ಬುಡದಲ್ಲಿ ಸಾಲಾಗಿ ನಿಂತು ಟಕ್, ಟಕ್ ಎಂದು ಸದ್ದು ಮಾಡತೊಡಗಿದವು. ಲೋಚ್‌ಗಳು ಹೀಗೆ ಸದ್ದು ಮಾಡುವುದುಂಟೆಂದು ಸುಹಾಸ ಓದಿದ್ದ; ಖುಷಿಪಟ್ಟ. ಮರುದಿನವೂ ನಾಲ್ಕಕ್ಕೇ. ಕಾಲು ಗಂಟೆಯಾದ ಮೇಲೆ ನಿಂತಿತು. ಆಹಾರದ ಹೊತ್ತು ಬದಲಿಸಿ ನೋಡಿದ. ತೊಟ್ಟಿಗೆ ಕಂಬಳಿ ಹೊದಿಸಿದ. ಕಂಬಳಿಯೊಳಗಿಂದಲೂ ಅದೇ ಹೊತ್ತಿಗೆ ಟಕ್, ಟಕ್.

"ಯಾರನ್ನೋ ಕರೆದ ಹಾಗೆ ಕೇಳ್ತದೆ. ನಂಗೆ ಇಲ್ಲಿ ಒಬ್ಳೇ ಇರೂಕೆ ಆಗೂದಿಲ್ಲ" ಎಂದಳು ಹೆಂಡತಿ ವೈಜಯಂತಿ.

ಹತ್ತನೆಯ ದಿನ ಸದ್ದು ನಿಲ್ಲಲೇ ಇಲ್ಲ. ನಾಲ್ಕೂವರೆಯಾಯಿತು. ಮೀನುಗಳು ಗಾಜಿಗೆ ಮೂತಿ ಬಡಿಯುತ್ತಿದ್ದವು, ನೆಟ್ಟ ಗಿಡಗಳು ಕಿತ್ತುಬಂದು ತೇಲುತ್ತಿದ್ದವು. ಸುಹಾಸ ನೀರು ಪರೀಕ್ಷಿಸಿದ, ಪಂಪು ನೋಡಿದ. ಎಲ್ಲ ಸರಿಯಿತ್ತು.

"ಎಲ್ಲಿಂದ ತಂದ್ರೋ ಅಲ್ಲಿಗೇ ಹೋಗಿ ಒಮ್ಮೆ ನೋಡಿ" ಎಂದಳು ವೈಜಯಂತಿ. ಅವನು ಎದುರಾಡದೆ ಬೈಕು ಹತ್ತಿದ.

ಕದ್ವಾಡದ ಬಾವಿಯ ಬಳಿ ಕೊಡವೊಂದು ಉರುಳಿ ಬಿದ್ದಿತ್ತು. ಒಳಗೆ ಎದೆಮಟ್ಟದ ನೀರಿನಲ್ಲಿ ಗಂಗೆ ಹಗ್ಗ ಹಿಡಿದು ನಿಂತಿದ್ದಳು. ಸುಹಾಸ ಕೂಗಿ ನೆರೆಯವರನ್ನು ಕರೆದ. ಏಣಿ ಇಳಿಸಿ ಮೇಲೆ ತಂದರು. ಆಗಲೇ ಅವನು ಕಂಡದ್ದು, ಅವಳ ಎರಡೂ ಕಣ್ಣಿಗೆ ಬಿಳಿ ಪೊರೆ ಕಟ್ಟಿತ್ತು. ಜಟ್ಟಪ್ಪ ಅದನ್ನು ಹೇಳಿಯೇ ಇರಲಿಲ್ಲ.

"ದಿನಾ ನಾಲ್ಕಕ್ಕೆ ನೀರಿಗೆ ಬತ್ತೆ ತಮಾ. ಮೀನಿಗೆ ನಾಲ್ಕು ಅಗುಳು ಹಾಕ್ತೆ. ಅವು ಟಕ್ ಟಕ್ ಅಂದ್ರೆ ಬಾವಿ ಬಂತು ಅಂತ ಗೊತ್ತಾಗ್ತದೆ, ಅಲ್ಲೇ ನಿಲ್ತೆ. ಹತ್ತು ದಿನ ಆಯ್ತು, ಸಪ್ಪಳಿಲ್ಲ. ಹೆಜ್ಜೆ ಎಣಿಸ್ಕಂಡು ಬತ್ತಿದ್ದೆ. ಇವತ್ತು ತಪ್ತು."

ಮೀನಿನ ಸುದ್ದಿಯನ್ನೂ ಜಟ್ಟಪ್ಪ ಅವಳಿಗೆ ಹೇಳಿಲ್ಲವೆಂದು ಸುಹಾಸನಿಗೆ ತಿಳಿಯಿತು. "ಮೀನು ಒಯ್ದದ್ದು ನಾನೇ ಅಜ್ಜಿ. ಎಲ್ಲಾ ಒಯ್ದೆ."

"ಎಲ್ಲಾ ಎಲ್ಲಿ?" ಗಂಗೆ ಸೆರಗು ಹಿಂಡಿದಳು. "ಬಿದ್ದಾಗಿಂದ ನನ್ನ ಕಾಲ ಸುತ್ತ ಟಕ್ ಟಕ್ ಅಂತಾನೇ ಇದ್ವು. ಅದನ್ನೇ ಕೇಳ್ತಾ ಧೈರ್ಯ ಮಾಡ್ಕಂಡು ನಿಂತಿದ್ದೆ."

ಅವನು ಬಗ್ಗಿ ನೋಡಿದ. ಕಲಕಿದ ನೀರು ಆಗಲೇ ತಿಳಿಯಾಗಿತ್ತು. ತಳದ ಕಲ್ಲು ಒಂದೊಂದೂ ಕಾಣುತ್ತಿತ್ತು. ಮೀನು ಒಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಆರನ್ನೂ ತಂದು ಬಾವಿಗೆ ಬಿಟ್ಟ. ವಾರದೊಳಗೆ ಕಟ್ಟೆ ಕಟ್ಟಿಸಿದ. ಗಾರೆಯವನ ಜೊತೆ ತಾನೂ ಜಟ್ಟಪ್ಪನೂ ಚಿರೆಕಲ್ಲು ಹೊತ್ತರು. ಕೆಲಸ ಮುಗಿದ ದಿನ ಗಂಗೆ ಗೋಡೆಯನ್ನು ಸವರಿ ನೋಡಿ, "ಚಂದ ಆಯ್ತು" ಎಂದು ನಕ್ಕಳು. ಮನೆಯೊಳಗೆ ಹೋಗಿ ಅದೇ ಬಾವಿಯ ಒಂದು ತಂಬಿಗೆ ನೀರು, ಬೆಲ್ಲದ ತುಂಡು ತಂದು ಅವನ ಮುಂದೆ ಹಿಡಿದಳು. ಸುಹಾಸ ತಂಬಿಗೆಯನ್ನು ತುಸು ಹೊತ್ತು ಕೈಯಲ್ಲೇ ಇಟ್ಟುಕೊಂಡ. ಆಮೇಲೆ ಕಣ್ಣು ಮುಚ್ಚಿ ಕುಡಿದ.