ಒಂದು ವರ್ಷ ಹೆಚ್ಚು ಓದಿದ ಶಿದ್ರಾಯ

ಶಿದ್ರಾಯ ಯಾವಾಗಲೂ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದ. ಇಂಜಿನಿಯರಿಂಗ್ ಕಾಲೇಜಿನ ನಾವೆಲ್ಲ ಸರ್ವೇ ಅಭ್ಯಾಸಕ್ಕೆಂದು ಸರಪಳಿ, ಕೋಲುಗಳನ್ನು ಹೊತ್ತು ಬಯಲಿಗೆ ಹೊರಟಾಗ, ಒಂದು ಭುಜವನ್ನು ತುಸು ತಗ್ಗಿಸಿ, ಕೈಯಲ್ಲಿ ಇಲ್ಲದ ಬಡಿಗೆಗೆ ಒರಗಿದವನಂತೆ, ಅವಸರವೂ ಇಲ್ಲದ ಆಲಸ್ಯವೂ ಇಲ್ಲದ ಒಂದು ಸಮನಾದ ಗತಿಯಲ್ಲಿ ಅವನು ಕೊನೆಯವನಾಗಿ ಬರುತ್ತಿದ್ದ. ಯಾರಾದರೂ ದಾರಿ ಬಿಟ್ಟು ಬಾರಿಹಣ್ಣಿನ ಗಿಡದತ್ತ ಸರಿದರೆ ನಾಲಿಗೆ ಹೊರಳಿಸಿ 'ಟ್ರ್‌ರ್' ಎಂದು ಸದ್ದು ಮಾಡುತ್ತಿದ್ದ. ಮುಂಬಯಿಯ ವಕೀಲರ ಮಕ್ಕಳೂ ಆ ಸದ್ದಿಗೆ ಹೆದರಿ ದಾರಿಗೆ ಬರುತ್ತಿದ್ದರು. ಸೋನ್ಯಾಳದ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನಿಗೆ ಮುಂದೆ ನಡೆಯುವುದೆಂದರೆ ಹಿಂಡನ್ನು ದೇವರ ಮೇಲೆ ಬಿಟ್ಟಂತೆ.

ಮಿರಜದ ಹಳೆಬಟ್ಟೆಯ ಅಂಗಡಿಯಲ್ಲಿ ಕೊಂಡ ಕರಿ ಕೋಟು ಅವನ ಏಕಮಾತ್ರ ವೈಭವವಾಗಿತ್ತು. ಅದರ ತೋಳುಗಳು ಬೆರಳಿನ ತುದಿಯನ್ನೂ ಮೀರಿ ಇಳಿಯುತ್ತಿದ್ದವು. ಕತ್ತರಿಸಿ ಹೊಲಿಸೆಂದು ನಾನು ಪೀಡಿಸಿದರೆ, "ಕಡದ ಅರಿಬಿ ಮತ್ತ ಬೆಳಿಯೂದಿಲ್ಲೋ" ಎಂದು ತೋಳು ಮಡಚುತ್ತಿದ್ದ. ಅದಕ್ಕಿಂತ ಹಟಮಾರಿಯಾದ ಚಟ ಇನ್ನೊಂದಿತ್ತು. ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಸೇತುವೆಯನ್ನೋ ಅಣೆಕಟ್ಟನ್ನೋ ಬರೆದು, ಅದು ಹೇಗೆ ನಿಲ್ಲುತ್ತದೆಂದು ವಿವರಿಸಿ, ಕೈಗೆ ಹತ್ತಿದ ಸುಣ್ಣದ ಪುಡಿಯನ್ನು ಝಾಡಿಸುವ ಹೊತ್ತಿಗೆ ಶಿದ್ರಾಯ ಎದ್ದು ನಿಂತು, ಅತ್ಯಂತ ವಿನಯದಿಂದ, ಅದು ಕಟ್ಟುವುದನ್ನು ತಾವು ಕಣ್ಣಾರೆ ಕಂಡಿದ್ದೀರಾ ಎಂದು ಮರಾಠಿಯಲ್ಲಿ ಕೇಳುತ್ತಿದ್ದ. ಕೆಲವರಿಗೆ ನಗು ಬರುತ್ತಿತ್ತು, ಕೆಲವರಿಗೆ ಸಿಟ್ಟು. ಅವನಿಗೆ ಮಾತ್ರ ಉತ್ತರ ಬೇಕಾಗಿರುತ್ತಿತ್ತು.

ನಮ್ಮೂರುಗಳಿದ್ದ ಜತ್ತ ಸಂಸ್ಥಾನ ವಿಲೀನವಾಗಿ ಐದಾರು ವರ್ಷಗಳಾಗಿದ್ದ ಕಾಲ ಅದು. ದೇಶವೆಲ್ಲ ಕಟ್ಟುವ ಹುಮ್ಮಸ್ಸಿನಲ್ಲಿತ್ತು. ನಮ್ಮ ಎರಡನೆಯ ವರ್ಷ ಮುಗಿಯುವಾಗ ಕಾಲೇಜು ನಮ್ಮ ಮುಂದೆ ಮೂರು ದಾರಿಗಳನ್ನಿಟ್ಟಿತು. ನೇರವಾಗಿ ಓದಿ ಪದವಿ ಪಡೆಯುವುದು ಒಂದು. ಒಂದು ವಿಶೇಷ ವಿಷಯವನ್ನು ಹೆಚ್ಚಿಗೆ ಓದಿ ಆನರ್ಸ್ ಪಡೆಯುವುದು ಇನ್ನೊಂದು. ನಡುವೆ ಒಂದಿಡೀ ವರ್ಷ ಅಣೆಕಟ್ಟಿನ ಕೆಲಸದಲ್ಲಿ ದುಡಿದು, ಮರಳಿ ಬಂದು ಓದು ಪೂರೈಸುವುದು ಮೂರನೆಯದು. ಬಿಳೂರಿನ ವ್ಯಾಪಾರಸ್ಥರ ಮಗನಾದ ನಾನು ಕಣ್ಣು ಮುಚ್ಚಿ ಎರಡನೆಯದನ್ನು ಹಿಡಿದೆ. ಹೆಸರಿನ ಹಿಂದೆ ಬಾಲ ಉದ್ದವಿದ್ದಷ್ಟೂ ಕನ್ಯೆಯ ತಂದೆ ಬೇಗ ಬಾಗುತ್ತಾನೆಂದು ನಮ್ಮ ಮನೆಯ ಹಿರಿಯರ ನಂಬಿಕೆ. ಶಿದ್ರಾಯ ಮೂರನೆಯದನ್ನು ಆರಿಸಿದ. ಪದವಿ ಒಂದು ವರ್ಷ ತಡವಾಗುತ್ತದೆಂದು ಜತ್ತದ ಸಂತೆಗೆ ಬಂದವರ ಕೈಲಿ ಮನೆಗೆ ಹೇಳಿ ಕಳಿಸಿದ. ಎಡವಟ್ಟಾದದ್ದು ಅಲ್ಲಿ.

ರಜೆಯಲ್ಲಿ ಅವನೊಡನೆ ನಾನೂ ಸೋನ್ಯಾಳಕ್ಕೆ ಹೋದೆ. ಮನೆಯ ಮುಂದೆ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಮೌನವಾಗಿ ಕುಳಿತಿದ್ದರು. ಒಲೆ ಉರಿದಿರಲಿಲ್ಲ. ಪಡಸಾಲೆಯ ತುಂಬ ನೆರೆಹೊರೆಯವರು ತಂದಿಟ್ಟ ರೊಟ್ಟಿ, ಕಡಲೆಹಿಟ್ಟಿನ ಝುಣಕಾದ ಬುಟ್ಟಿಗಳು! ನಮ್ಮ ಕಡೆ ಹೀಗೆ ಬುಟ್ಟಿ ಒಯ್ಯುವುದು ಸಾವಾದ ಮನೆಗೆ. ಶಿದ್ರಾಯ ತಾಯಿಯತ್ತ ಓಡಿದ.

"ಎವ್ವಾ, ಯಾರ ಹ್ವಾದ್ರು?"

ತಾಯಿ ಕಾಳವ್ವ ಅವನನ್ನು ತಬ್ಬಿಕೊಂಡು ಗೊಳೋ ಎಂದಳು. "ಯಾರೂ ಹೋಗಿಲ್ಲ ನನ್ನಪ್ಪಾ. ನೀ ನಪಾಸ ಆದಿ ಅಂತಲ್ಲೋ!"

ಒಂದು ವರ್ಷ ಹೆಚ್ಚಿಗೆ ಸಾಲಿಗೆ ಹೋಗುವುದಕ್ಕೆ ಆ ಊರಿಗೆ ತಿಳಿದಿದ್ದ ಕಾರಣ ಒಂದೇ. ಶಿದ್ರಾಯ ಕೈಕಾಲು ತೊಳೆದು, ಬುಟ್ಟಿಯೊಂದನ್ನು ಮುಂದಕ್ಕೆಳೆದುಕೊಂಡು, "ಝುಣಕಾ ಭಾಳ ಚಲೋ ಆಗೇತಿ, ನೀನೂ ಕುಂದ್ರು" ಎಂದು ನನ್ನನ್ನೂ ಕರೆದ. ತನ್ನದೇ ಸೂತಕದ ಊಟವನ್ನು ಇಷ್ಟು ತೃಪ್ತಿಯಿಂದ ಉಂಡ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಆದರೆ ಸಂಜೆ ಸೋದರಮಾವ ವಿಠೋಬ ಬಂದಾಗ ತಮಾಷೆ ಉಳಿಯಲಿಲ್ಲ. ಅವನ ಮಗಳು ಇಂದುಬಾಯಿ ತೊಟ್ಟಿಲಲ್ಲೇ ಶಿದ್ರಾಯನಿಗೆಂದು ಗೊತ್ತಾದವಳು. ಪದವಿ ಮುಗಿದೊಡನೆ ಮದುವೆಯೆಂದು ಮಾತಾಗಿತ್ತು. ಅವಳ ಮೇಲೆ ಶಿದ್ರಾಯನಿಗೆಷ್ಟು ಜೀವವೆಂಬುದು ಹಾಸ್ಟೆಲಿನ ಗೋಡೆಗಳಿಗೂ ಗೊತ್ತಿತ್ತು. ಅವನೊಡನೆ ಬಂದಿದ್ದ ಹೆಂಡತಿ, ಮಗಳು ನೇರ ಒಳಗೆ ಹೋದರು. ವಿಠೋಬ ಕಂಬಕ್ಕೆ ಒರಗಿ ಕುಳಿತ.

"ನಾಳಿಗಿ ಬಾಲಗಾಂವದವ್ರು ಹೆಣ್ಣ ನೋಡಾಕ ಬರ್ತಾರ. ಅಕ್ಕನ ಮಾರಿ ನೋಡಿ ಇಲ್ಲೀತನಕ ತಡದೀನಿ. ನಪಾಸ ಆಗಿದ್ರ ಆಗೀನಿ ಅನ್ನು, ಸುಳ್ಳ ಹೇಳಬ್ಯಾಡ."

ಶಿದ್ರಾಯ ತಿಳಿಹೇಳಿದ. ವಿಠೋಬ ತಲೆಯಾಡಿಸಲಿಲ್ಲ. ನಾನು ನಡುವೆ ಬಾಯಿ ಹಾಕಿ 'ಪ್ರತ್ಯಕ್ಷ ಅನುಭವ', 'ವಿಶೇಷ ಶಿಕ್ಷಣಕ್ರಮ' ಎಂದೆಲ್ಲ ದೊಡ್ಡ ಮಾತುಗಳನ್ನು ಉದುರಿಸಿದೆ. "ಗೆಳ್ಯಾ ಗೆಳ್ಯಾನ ಪರ ಹೇಳಾಂವನರಿ" ಎಂದು ಅವನು ನನ್ನನ್ನು ಮರ್ಯಾದೆಯಿಂದಲೇ ಮೂಲೆಗಿಟ್ಟ. ಹೆಣ್ಣು ಕೈತಪ್ಪಿತೆಂದೇ ನಾನು ಬಗೆದೆ.

"ಮಾವಾ," ಎಂದ ಶಿದ್ರಾಯ ತಟ್ಟನೆ, "ನಿಮ್ಮ ಕರಿ ಟಗರ ಹ್ವಾದ ವರ್ಸ ಹಿಂಡಿನ್ಯಾಗ ಯಾಕ ಬಿಡಲಿಲ್ಲರಿ?"

"ಚಲೋ ತಳಿ ಅದು. ಲಗೂನ ಬಿಟ್ರ ಕೆಡತೈತಿ. ಒಂದ ವರ್ಸ ಎಲುಬು ಬಲೀಲಿ ಅಂತ ತಡದೆ."

"ನನ್ನೂ ಹಂಗ ತಡದಾರ್ರಿ."

ಒಳಗಿನಿಂದ ಇಂದುಬಾಯಿಯ ನಗು ಕೇಳಿಸಿತು. ತಡೆಯಲು ಹೋಗಿ ತಡೆಯಲಾಗದೆ ಉಕ್ಕಿದ ನಗು. ಟಗರನ್ನು ಹಿಂಡಿಗೆ ಬಿಡುವುದು ಯಾತಕ್ಕೆಂಬುದು ಹೊಳೆದು ಶಿದ್ರಾಯ ಕಿವಿಯವರೆಗೆ ಕೆಂಪಾದ. ವಿಠೋಬನ ಮೀಸೆಯೂ ಅಲುಗಿತು. ಆಗ ಬಾಗಿಲ ಮರೆಯಿಂದಲೇ ಅವಳು ಆಡಿದ ಮಾತು ನನಗಿನ್ನೂ ನೆನಪಿದೆ: "ಅಪ್ಪಾ, ಕುರಿ ಬಯಲಿಗಿ ಹ್ವಾದ್ರ ನಮ್ಮ ಹೆಂಗಸ್ರು ಮನ್ಯಾಗ ಕುಂದ್ರತಾರೇನು? ಅವ್ರು ಎಲ್ಲಿಗಿ ಹೊಂಟಾರ ಅಲ್ಲಿಗಿ ನಾನೂ ಹೋಗ್ತೀನಿ."

ವಿಠೋಬ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ಅಕ್ಕಾ," ಎಂದ, "ಬಾಸಿಂಗ ತರಸು."

ಹೀಗೆ ಒಂದು ವರ್ಷ ಮುಂದಕ್ಕೆ ಹೋಗಬೇಕಿದ್ದ ಮದುವೆ ಹಿಂದಕ್ಕೆ ಬಂದು ಆ ರಜೆಯಲ್ಲೇ ಆಗಿಹೋಯಿತು. ಅಭ್ಯಾಸಿಗಳು ಹೆಂಡತಿಯನ್ನು ಕರೆತರಬಹುದೋ ಇಲ್ಲವೋ ಎಂಬ ವಿಚಾರ ಕಾಲೇಜಿನ ನಿಯಮಗಳಲ್ಲಿ ಇರಲಿಲ್ಲ. ಇಂಥವನೊಬ್ಬ ಬಂದಾನೆಂದು ಯಾರೂ ಊಹಿಸಿರಲಿಲ್ಲ. ಅಣೆಕಟ್ಟಿನ ಕೆಲಸದ ಜಾಗಕ್ಕೆ ನಾವು ಆನರ್ಸಿನವರು ನೋಡಲು ಹೋದಾಗ, ಶಿದ್ರಾಯ ಕೋಟಿನ ತೋಳು ಮೊಣಕೈಗೆ ಮಡಚಿ ಹಸಿ ಕಾಂಕ್ರೀಟಿನ ಗೋಡೆಯ ಬಳಿ ನಿಂತಿದ್ದ, ಇಂದುಬಾಯಿ ಅದಕ್ಕೆ ಹೊದಿಸಿದ ಗೋಣಿತಟ್ಟುಗಳಿಗೆ ನೀರು ಹೊಡೆಯುತ್ತಿದ್ದಳು. "ಹಸಿಗೂಸ ಇದ್ದಂಗರಿ ಇದು, ಒಣಗಾಕ ಬಿಡಬಾರದು" ಎಂದು ನನಗೇ ಪಾಠ ಹೇಳಿದಳು. ಅವರ ಡೇರೆಯಲ್ಲಿ ಉಂಡು ಮರಳುವಾಗ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಆದರೂ ಆ ದಿನವೆಲ್ಲ ಮನಸ್ಸು ತುಂಬಿಕೊಂಡೇ ಇತ್ತು.

ನಮ್ಮಂಥವರಿಗೆ ವಿದ್ಯೆಯೊಂದು ಏಣಿ. ಒಂದು ಮೆಟ್ಟಿಲಲ್ಲಿ ತಡೆದು ನಿಂತರೆ ಕೆಳಗಿನವರು ಏನೆಂದಾರೆಂಬ ಅಂಜಿಕೆಯಲ್ಲೇ ಏರಿಬಿಡುತ್ತೇವೆ, ಏರಿದ ಮೇಲೆ ಏನು ಕಂಡೆವೆಂದು ಯಾರೂ ಕೇಳದಿರಲಿ ಎಂದು ಹಾರೈಸುತ್ತೇವೆ. ಶಿದ್ರಾಯನಂಥವರಿಗೆ ಅದೊಂದು ಹುಲ್ಲುಗಾವಲು. ಅಲ್ಲಿ ಅವರು ಬಿಡಾರ ಹೂಡುತ್ತಾರೆ, ಒಲೆ ಹಚ್ಚುತ್ತಾರೆ, ಹೊಟ್ಟೆ ತುಂಬಿದ ಮೇಲೆಯೇ ಏಳುತ್ತಾರೆ. ಅವನು ಒಂದು ವರ್ಷ ತಡವಾಗಿ ಬಂದನೆಂದು ನಾವೆಲ್ಲ ಲೆಕ್ಕ ಹಾಕಿದೆವು. ಬಂದದ್ದು ಮಾತ್ರ ಸಂಸಾರ ಸಮೇತ.